ರಜೆಯ ಶಿಕಾರಿಗೆ ಬಾರಿಸಿದ ಸಾವಿನ ತಮಟೆ

ರಜೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಬ್ಬರ ರಜೆ ಎಂದರೆ ಇನ್ನೊಬ್ಬರ ಬಿಟ್ಟಿ ಚಾಕರಿ ಎಂಬುದನ್ನು ನಾನು ಕಲಿತದ್ದು ಮಹಾರಾಜರ ಕಾಲದಲ್ಲಿ, ಮಧುಗಿರಿ ಕಡೆಯ ಸರ್ಕಾರಿ ಕಾಡಿನಲ್ಲಿ ಫಾರೆಸ್ಟರ್ ಆಗಿದ್ದಾಗ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕೊರಟಗೆರೆಯಲ್ಲಿದ್ದ ನನ್ನ ತಾಯಿ ಹೇಳುತ್ತಿದ್ದರು. ಇರಬಹುದು. ಆದರೆ ಆ ಕ್ರಿಸ್ಮಸ್ಸಿನಲ್ಲಿ ಬಂದ ಕೋಪಕ್ಕೆ ಸರಿಯಾದ ಕಾರಣವಿತ್ತು.

ಹುಕುಂ ಬಂದದ್ದು ರಾಗಿ ಕುಯ್ಲು ಮುಗಿದು ನಾನು ಮನೆ ಮಾಡಿಕೊಂಡಿದ್ದ ಊರವರು ಕಣ ಮಾಡುತ್ತಿದ್ದ ಹೊತ್ತಿಗೆ. ಬೆಂಗಳೂರಿನ ದಂಡುಪ್ರದೇಶದಿಂದ ಬಿಳಿಯ ದೊರೆಯೊಬ್ಬ ಹೆಂಡತಿಯನ್ನೂ ಸ್ನೇಹಿತರನ್ನೂ ಕರೆದುಕೊಂಡು ರಜೆ ಕಳೆಯಲು ನಮ್ಮ ಕಾಡಿಗೆ ಬರುತ್ತಾನೆ. ಕಾಡಿನಂಚಿನ ಸರ್ಕಾರಿ ತೋಪಿನಲ್ಲಿ ಡೇರೆ ಹಾಕಿಸತಕ್ಕದ್ದು. ಹಾಲು, ಕೋಳಿ, ಸೌದೆ ಒದಗಿಸತಕ್ಕದ್ದು. ಮಧುಗಿರಿ ಬೆಟ್ಟ ಹತ್ತಿಸತಕ್ಕದ್ದು, ಕೆರೆಯ ಬಾತು ತೋರಿಸತಕ್ಕದ್ದು, ಕೊನೆಗೆ ಕರಡಿ ಶಿಕಾರಿಗೆ ಸೋವು ಕಟ್ಟಿಸತಕ್ಕದ್ದು. ಈ ‘ತಕ್ಕದ್ದು’ಗಳನ್ನೆಲ್ಲ ಮಾಡಿಸಬೇಕಾದ ನಮ್ಮ ರೇಂಜರ್ ಸಾಹೇಬರು ತಾವೂ ರಜೆ ಹಾಕಿ ಮೈಸೂರಿಗೆ ಹೊರಟು ನಿಂತರು. “ನೀವೇ ನೋಡ್ಕೊಳ್ರೀ. ಸ್ವಲ್ಪ ಬಾಯಿ ಬಿಗಿಹಿಡೀರಿ,” ಎಂದು ಹೇಳಿ ಬಸ್ಸು ಹತ್ತಿದರು.

ಮೊದಲ ದಿನ ಬೆಟ್ಟ. ಮಧುಗಿರಿ ಬೆಟ್ಟ ಹತ್ತಿದವರಿಗೆ ಅದರ ಮೇಲರ್ಧ ಗೊತ್ತು: ಮೆಟ್ಟಿಲು ಎಂದು ಹೆಸರಿಗೆ, ನುಣ್ಣನೆಯ ಬಂಡೆಗೆ ಕಾಲ್ಬೆರಳು ಊರುವಷ್ಟು ಕಡಿದ ಗುಳಿಗಳು. ಕೆಳಗೆ ನೋಡಿದರೆ ಊರು ಅಂಗೈ ಅಗಲ ಕಾಣುತ್ತದೆ. ದೊರೆಯ ಸ್ನೇಹಿತರಲ್ಲಿ ಒಬ್ಬನಿಗೆ ಬೆಟ್ಟದ ತುದಿಯಲ್ಲಿ ಕುಳಿತು ಗ್ರಾಮಫೋನ್ ಕೇಳುವ ಆಸೆ. ಅದನ್ನು ಹೊತ್ತವನು ನಮ್ಮ ಊರಿನ ಒಬ್ಬ ಒಕ್ಕಲಿಗ, ಎರಡೂ ಕೈಯಿಂದ ತಲೆಯ ಮೇಲಿನ ಪೆಟ್ಟಿಗೆ ಹಿಡಿದದ್ದರಿಂದ ಬಂಡೆ ಹಿಡಿಯಲು ಅವನಿಗೆ ಕೈಯೇ ಉಳಿದಿರಲಿಲ್ಲ. ನಾನು ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದುಕೊಂಡೆ. ಮೇಲೆ ಹೋಗಿ ಎರಡು ಹಾಡು ಕೇಳಿದ್ದೇ ತಡ, ಗಾಳಿ ಬಹಳ ಎಂದು ದೊರೆಸಾನಿ ಎದ್ದುಬಿಟ್ಟಳು. ಪೆಟ್ಟಿಗೆ ಮತ್ತೆ ತಲೆ ಏರಿತು. ಇಳಿಯುವಾಗ ನಾನು ಬಾಯಲ್ಲಿ ಏನೇನು ಬೈದೆನೋ ಅದನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ ಕೆರೆಗೆ ಹೋಗಬೇಕಿತ್ತು. ಬೆಳಗ್ಗೆ ಒಬ್ಬ ಆಳೂ ಬರಲಿಲ್ಲ. ಊರಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಳು, ತಮಟೆಯ ಸದ್ದು ತೋಪಿಗೆ ಕೇಳುತ್ತಿತ್ತು. ನಮ್ಮ ಸೀಮೆಯಲ್ಲಿ ಸಾವಿನ ಬಡಿತ ಬೇರೆ, ಹಬ್ಬದ ಬಡಿತ ಬೇರೆ. ಸಾವಿನದು ಕೇಳಿದರೆ ಸಾಕು, ಹೂಡಿದ ನೇಗಿಲು ಬಿಚ್ಚುತ್ತಾರೆ, ಕಣದಲ್ಲಿ ತೆನೆ ಒಕ್ಕುವ ರೋಣಗಲ್ಲು ನಿಲ್ಲಿಸುತ್ತಾರೆ; ಹೆಣ ಎತ್ತಿ ಎಲ್ಲರೂ ಮಿಂದು ಬರುವವರೆಗೆ ಯಾರೂ ಕೆಲಸ ಮುಟ್ಟುವುದಿಲ್ಲ. ದೊರೆ ಸಿಡಿಮಿಡಿಗೊಂಡರೂ ಅವನ ಬಟ್ಲರ್ ತಿಳಿಸಿ ಹೇಳಿದ ಮೇಲೆ, ಸಾವಿಗೆ ಯಾರೇನು ಮಾಡುವುದು ಎಂದು ಡೇರೆಗೆ ಹೋಗಿ ಮಲಗಿದ. ಆ ಬಟ್ಲರ್ ದಂಡಿನವನು, ಕನ್ನಡ ಚೆನ್ನಾಗಿ ಆಡುತ್ತಿದ್ದ. ದೊರೆಯ ಮಾತು ನಮಗೆ ಮುಟ್ಟಿಸುವವನು ಅವನೇ. ಸುಮ್ಮನೆ ಕೂರಲಾರದ ದೊರೆಸಾನಿ ಮಾತ್ರ ನಾನು ಎರಡು ವರ್ಷ ನೀರು ಹೊಯ್ಯಿಸಿ ಬೆಳೆಸಿದ ಸರ್ವೆ ಸಸಿಗಳಲ್ಲಿ ಎತ್ತರದ್ದನ್ನು ಆರಿಸಿ ಬಟ್ಲರನ ಕೈಯಲ್ಲಿ ಕಡಿಸಿ, ಕ್ರಿಸ್ಮಸ್ ಮರವೆಂದು ಡೇರೆಯಲ್ಲಿ ನಿಲ್ಲಿಸಿ, ಬಣ್ಣದ ಕಾಗದ ಕಟ್ಟಿದಳು. ಆಮೇಲೆ ನನ್ನನ್ನು ಕರೆದು, ಹಬ್ಬದ ಉಡುಗೊರೆ ಎಂದು ಕಾಗದದಲ್ಲಿ ಸುತ್ತಿದ ಕೇಕಿನ ತುಂಡೊಂದನ್ನು ಕೈಗಿಟ್ಟಳು. ನಮ್ಮದು ಲಿಂಗವಂತರ ಮನೆ. ಮೊಟ್ಟೆ, ಬ್ರಾಂದಿ ಎರಡೂ ಬಿದ್ದ ಅದನ್ನು ತಿನ್ನುವಂತಿಲ್ಲ, ಎದುರಿಗೆ ಎಸೆಯುವಂತೆಯೂ ಇಲ್ಲ. ಕೋಟಿನ ಜೇಬಿಗೆ ತುರುಕಿಕೊಂಡೆ.

ಕೆರೆಯ ಬಾತು ಮುಗಿಯುವಲ್ಲಿ ಮೂರು ನಾಲ್ಕು ದಿನ ಕಳೆದವು; ಇನ್ನು ಉಳಿದದ್ದು ಕರಡಿ. ಸೋವು ಎಂದರೆ ಕಾಡಿನ ಒಂದು ಮಗ್ಗುಲಿಂದ ಜನ ಸಾಲು ಹಿಡಿದು, ಗದ್ದಲ ಮಾಡುತ್ತ, ಪ್ರಾಣಿಯನ್ನು ಇನ್ನೊಂದು ಮಗ್ಗುಲಲ್ಲಿ ಕಾದಿರುವ ಬಂದೂಕಿನ ಕಡೆಗೆ ಅಟ್ಟುವುದು. ಕೇಳಲು ಸುಲಭ. ಗಾಳಿ ಎತ್ತಲಿಂದ ಬೀಸುತ್ತದೆ ನೋಡಬೇಕು, ಪಕ್ಕಕ್ಕೆ ನುಸುಳದಂತೆ ಮರಗಳ ಮೇಲೆ ತಡೆಯಾಳುಗಳನ್ನು ಕೂರಿಸಬೇಕು, ಸಾಲು ಮುರಿಯದಂತೆ ನಡುವೆ ತಮಟೆ ಬಾರಿಸಬೇಕು. ತಮಟೆಗೆ ಒಂದು ಬಡಿತ ಮುಂದೆ ನಡೆಯಲು, ಇನ್ನೊಂದು ನಿಲ್ಲಲು. ಎಲ್ಲಕ್ಕಿಂತ ಮುಖ್ಯ, ಬಂದೂಕಿನವನು ತನ್ನ ಜಾಗ ಬಿಟ್ಟು ಅಲ್ಲಾಡಕೂಡದು. ಪ್ರಾಣಿ ಗಾಯಗೊಂಡರೆ, ಗಾಯ ಮಾಡಿದವನೇ ಅದರ ಹಿಂದೆ ಹೋಗಿ ಮುಗಿಸಬೇಕು. ಇದು ನಮ್ಮ ಬೇಡರ ಕಟ್ಟಳೆಯೂ ಹೌದು, ಬಂದೂಕು ಹಿಡಿದ ಮರ್ಯಾದಸ್ಥ ದೊರೆಗಳ ಕಟ್ಟಳೆಯೂ ಹೌದು.

ನಮ್ಮ ಸೋವಿಗೆ ಯಜಮಾನನೊಬ್ಬನಿದ್ದ, ಬೇಡರವನು, ಅರುವತ್ತರ ಹತ್ತಿರದವನು. ಎಡಗಣ್ಣಿನ ಕೆಳಗಿಂದ ದವಡೆಯವರೆಗೆ ಅವನ ಕೆನ್ನೆ ಸುಕ್ಕುಗಟ್ಟಿ ಒಳಕ್ಕೆ ಎಳೆದುಕೊಂಡಿತ್ತು. ಅದು ಇನ್ಯಾವುದೋ ವರ್ಷ ಇನ್ಯಾವನದೋ ರಜೆಯಲ್ಲಿ ಕರಡಿ ಪರಚಿದ ಗುರುತು. ಅವನೂ ನಾನೂ ಹಿಂದಿನ ದಿನವೇ ಗುಡ್ಡ ಸುತ್ತಿ ಬಂದೆವು. ಪಡುವಲ ಕಡೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ಒಂದರ ಮೇಲೊಂದು ಬಿದ್ದು ಆದ ಗವಿಯಿತ್ತು. ಅದರ ಬಾಗಿಲು ದೂರದಿಂದ ತೋರಿಸಿ ಅವನು ತಲೆ ಆಡಿಸಿದ.

“ಈ ಕಡೆ ಸೋವು ಬ್ಯಾಡಿ ಸ್ವಾಮಿ. ಎಲಚಿ ಹಣ್ಣು ಇಂಗೆ ಉದುರಿ ಬಿದ್ದೈತೆ, ಆದ್ರೂ ದೂರ ಹೋಗಿಲ್ಲ ಅಂದ್ರೆ ಮರಿ ಹಾಕೈತೆ. ಬಾಣಂತಿ ಮನೆ ಮುಂದೆ ತಮಟೆ ಬಾರಿಸ್ತಾರಾ ಯಾರಾನಾ?”

ನಾನು ಒಪ್ಪಿದೆ. ಸೋವನ್ನು ಮೂಡಲ ಇಳಿಜಾರಿನಲ್ಲಿ ಕಟ್ಟಿದೆವು. ಅಲ್ಲಿ ಎರಡು ಗಂಡು ಕರಡಿಗಳ ಹೆಜ್ಜೆಯಿತ್ತು, ಹೊಸದಾಗಿ ಅಗೆದ ಹುತ್ತಗಳಿದ್ದವು. ದೊರೆಗಳಿಗೆ ಅಟ್ಟಣೆ ಕಟ್ಟಿ, ಮೇಲೆ ಹುಲ್ಲು ಹಾಸಿ, ಇಲ್ಲಿಂದ ಇಳಿಯಬಾರದು ಎಂದು ಬಟ್ಲರನ ಬಾಯಲ್ಲಿ ಎರಡೆರಡು ಸಲ ಹೇಳಿಸಿದೆ.

ಸೋವು ಅರ್ಧ ದಾರಿ ಬಂದಿತ್ತು. ಸಾಲು ಚೆನ್ನಾಗಿ ನಡೆದಿತ್ತು, ತಮಟೆ ಹದವಾಗಿ ಬೀಳುತ್ತಿತ್ತು. ಆಗ ಪಡುವಲ ಕಡೆಯಿಂದ ಬಂದೂಕಿನ ಈಡು ಕೇಳಿಸಿತು. ಒಂದು, ಸ್ವಲ್ಪ ತಡೆದು ಇನ್ನೊಂದು. ಕಾದು ಕಾದು ಬೇಸರವಾದ ದೊರೆ ಅಟ್ಟಣೆ ಇಳಿದು, ಯಾರಿಗೂ ಹೇಳದೆ ಗುಡ್ಡ ಬಳಸಿ ಗವಿಯ ಕಡೆ ನಡೆದಿದ್ದ. ಮರಿಗಳನ್ನು ಬಿಟ್ಟು ಗಳಿಗೆಯ ಮಟ್ಟಿಗೆ ಹೊರಗೆ ಬಂದಿದ್ದ ತಾಯಿಗೆ ಹೊಡೆದಿದ್ದ. ಗುಂಡು ಹೊಟ್ಟೆಗೆ ಬಿದ್ದಿರಬೇಕು. ಬಂಡೆಯ ಮೇಲೆ ಕಪ್ಪಗೆ ರಕ್ತ ಬಳಿದುಕೊಂಡು ಅದು ಗವಿಯೊಳಕ್ಕೆ ಹೋಗಿತ್ತು.

ನಾವು ಓಡಿ ಹೋಗುವ ಹೊತ್ತಿಗೆ ದೊರೆ ಬಂಡೆಯ ಮೇಲೆ ಕುಳಿತು ಪೈಪು ಹಚ್ಚುತ್ತಿದ್ದ. ಒಳಗಿಂದ ನರಳಾಟ ಕೇಳುತ್ತಿತ್ತು, ಅದರ ನಡುವೆ ಸಣ್ಣ ಸಣ್ಣ ಕೂಗು. ಯಜಮಾನ ನನ್ನ ಮುಖ ನೋಡಲಿಲ್ಲ. ಹೊತ್ತು ಇಳಿಯುತ್ತಿದ್ದುದರಿಂದ ಎಲ್ಲರನ್ನೂ ಹಿಂದಕ್ಕೆ ಕಳಿಸಿದೆ.

ಬೆಳಗಾಯಿತು. ಅವತ್ತು ಸಂಜೆಗೆ ಬಿಡಾರ ಎತ್ತಬೇಕು, ಹೊಸ ವರ್ಷದ ಕುಣಿತಕ್ಕೆ ಬೆಂಗಳೂರು ಸೇರಬೇಕು, ಹೋಗುವಾಗ ಕರಡಿಯ ಚರ್ಮ ಬೇಕು. ದೊರೆ ಯಜಮಾನನನ್ನು ಕರೆಸಿದ. ಬಟ್ಲರ್ ತಿಳಿಸಿದ: ಯಜಮಾನ ಗವಿಯ ಬಾಯಿಗೆ ಹೋಗಿ, ಒಣಹುಲ್ಲು ಮೆಣಸಿನಕಾಯಿ ಸೇರಿಸಿ ಹೊಗೆ ಹಾಕಬೇಕು, ಕರಡಿ ಹೊರಗೆ ಬಂದಾಗ ದೊರೆ ದೂರದ ಬಂಡೆಯ ಮೇಲಿಂದ ಹೊಡೆಯುತ್ತಾರೆ. ಸೋವಿನವರೆಲ್ಲ ಹಿಂದೆ ಸಾಲು ನಿಂತು ಅದು ತಪ್ಪಿಸಿಕೊಳ್ಳದಂತೆ ತಡೆಯಬೇಕು.

ಗಾಯಗೊಂಡ ತಾಯಿ ಕರಡಿ, ಒಳಗೆ ಮರಿ. ಹೊಗೆ ಹಾಕಿದವನು ಅದರ ಕೈಗೆ ಮೊದಲು ಸಿಗುತ್ತಾನೆ. ಇದು ಅಲ್ಲಿದ್ದ ಕತ್ತೆಗೂ ಗೊತ್ತಿತ್ತು.

ನಾನು ಮುಂದೆ ಬಂದು ನನಗೆ ಬರುವ ಇಂಗ್ಲಿಷಿನಲ್ಲೇ ಹೇಳಿದೆ: ಗಾಯ ಮಾಡಿದವರೇ ಹೋಗಬೇಕು, ಅದು ಕಟ್ಟಳೆ. ದೊರೆ ತನ್ನ ಕಾಲು ತೋರಿಸಿದ. ನೆನ್ನೆ ಇಳಿಯುವಾಗ ಉಳುಕಿತಂತೆ. ಬೆಳಗ್ಗೆ ಅದೇ ಕಾಲಿನಲ್ಲಿ ತಾನು ತಂದ ನಾಯಿಗೆ ಚೆಂಡು ಒದೆಯುತ್ತಿದ್ದುದನ್ನು ನಾನು ಕಂಡಿದ್ದೆ. ಹಾಗಾದರೆ ಬಂದೂಕು ಕೊಡಿ, ನಾನು ಹೋಗುತ್ತೇನೆ ಎಂದೆ. ಧೈರ್ಯದಿಂದ ಅಂದದ್ದಲ್ಲ, ಸಿಟ್ಟಿನಿಂದ ಅಂದದ್ದು. ಅದಕ್ಕೆ ದೊರೆ ನಕ್ಕು ಕೊಟ್ಟ ಉತ್ತರ ಹೀಗಿತ್ತು:

“ನೀನು ಸರ್ಕಾರದ ನೌಕರ. ನಿನಗೇನಾದರೂ ಆದರೆ ನಾನು ಮೇಲಿನವರಿಗೆ ಜವಾಬು ಕೊಡಬೇಕಾಗುತ್ತದೆ. ಅವನು ಹೋಗಲಿ.”

ಬಟ್ಲರ್ ಅದನ್ನು ಕನ್ನಡಕ್ಕೆ ತರಲಿಲ್ಲ. ತರಬೇಕಾಗಿಯೂ ಇರಲಿಲ್ಲ. ಬದಲಿಗೆ ಯಜಮಾನನ ಹತ್ತಿರ ಬಂದು ಮೆಲ್ಲಗೆ, “ಇಲ್ಲ ಅನ್ಬೇಡಪ್ಪ. ನಿಮ್ಮೂರ ದನ ಈ ಕಾಡಲ್ಲಿ ಮೇಯೋದನ್ನ ನಿಲ್ಲಿಸ್ತೀನಿ ಅಂತಿದಾರೆ. ಒಂದು ಮಾತು ಹೇಳಿದ್ರೆ ಆಗೋಯ್ತದೆ ಅವರ ಕೈಲಿ,” ಎಂದ.

ಯಜಮಾನ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಸೊಂಟಕ್ಕೆ ಬಿಗಿದ. “ಹೋಯ್ತೀನಿ ಬುಡಿ ಸ್ವಾಮಿ. ಮುಖ ಹೆಂಗಿದ್ರೂ ಅರ್ಧ ಹೋಗೈತೆ. ಇನ್ನರ್ಧ ತಕ್ಕಂಡು ಏನ್ ಮದ್ವೆ ಆಗ್ಬೇಕಾ ನಾನು?” ಎಂದು ನಗಲು ನೋಡಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಬರೆದು ಬರೆದು ಕಲಿತವನು. ಅವತ್ತು ಅದು ಕಣ್ಣೆದುರಿಗೇ ನಿಂತಿತ್ತು. ಹೊಗೆಗೆ ಹುಲ್ಲು ಹೊರೆ ಕಟ್ಟಲು ಆಳುಗಳು ಹೋದರು. ದೊರೆಗಳು ತಿಂಡಿಗೆ ಕುಳಿತರು. ದೊರೆಯ ಕೆನ್ನೆಗೆ ಹೊಡೆಯಬೇಕು ಎನಿಸಿತು. ಹೊಡೆದಿದ್ದರೆ ನಾನು ಜೈಲಿಗೆ, ಯಜಮಾನ ಗವಿಗೆ, ಎರಡೂ ನಡೆದುಹೋಗುತ್ತಿತ್ತು.

ಅಡುಗೆ ಡೇರೆಯ ಹಿಂದೆ ನಡೆದೆ. ಅಲ್ಲಿ ತಮಟೆಯವನು ಒಲೆಯ ಬದಿಗೆ ಕುಕ್ಕರಗಾಲಲ್ಲಿ ಕುಳಿತು ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸುತ್ತಿದ್ದ. ಆವತ್ತು ಮುದುಕಿಗೆ ಬಾರಿಸಿದವನೂ ಅವನೇ, ನೆನ್ನೆ ಸೋವಿಗೆ ಬಾರಿಸಿದವನೂ ಅವನೇ. ಪಕ್ಕದಲ್ಲಿ ಎಂಜಲು ಚೆಲ್ಲಿದ ಗುಪ್ಪೆ, ಅದರ ತುಂಬ ಕಾಗೆ. ‘ನಿನಗೇನಾದರೂ ಆದರೆ ಜವಾಬು ಕೊಡಬೇಕಾಗುತ್ತದೆ’ ಎಂಬ ಮಾತು ಕಿವಿಯಲ್ಲಿ ಕೊರೆಯುತ್ತಲೇ ಇತ್ತು. ಅಂದರೆ ಈ ಬಿಡಾರದಲ್ಲಿ ಲೆಕ್ಕಕ್ಕೆ ಬರುವ ಸಾವು ನನ್ನದೊಂದೇ. ಸರಿ, ಹಾಗಾದರೆ ನಾನೇ ಸಾಯುತ್ತೇನೆ ಎಂದುಕೊಂಡೆ.

“ಲೋ, ಸಾವಿನ ಬಡಿತ ಬಾರಿಸು,” ಎಂದೆ.

ಅವನು ಬೆಚ್ಚಿದ. “ಯಾರು ಹೋದ್ರು ಬುದ್ಧಿ?”

“ನಾನು.”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಬಿಡಿಸಿ ಹೇಳಿದೆ: ಸಾವಿನ ತಮಟೆ ಕೇಳಿದರೆ ಸೋವಿನವರು ಕೋಲು ಇಳಿಸುತ್ತಾರೆ. ನಾನು ಇರುವುದು ಊರೊಳಗಿನ ಮನೆಯಲ್ಲಿ, ನನ್ನ ಸಾವು ಊರಿನ ಸಾವು. ಇವತ್ತು ಸಂಜೆಯವರೆಗೆ ತಡೆದರೆ ದೊರೆ ಹೋಗಿಬಿಡುತ್ತಾನೆ, ಯಜಮಾನ ಉಳಿಯುತ್ತಾನೆ.

ಅವನು ತಮಟೆಯನ್ನು ಎದೆಗೆ ಒತ್ತಿಕೊಂಡ. “ಆಗಕಿಲ್ಲ ಬುದ್ಧಿ. ನಮ್ಮಪ್ಪನ ಕಾಲದಿಂದ ಈ ಚರ್ಮ ಸುಳ್ಳಾಡಿಲ್ಲ. ಬದುಕಿರೋರಿಗೆ ಸಾವಿಂದು ಬಾರಿಸಿದ್ರೆ ಸಾವನ್ನ ಕೂಗಿ ಕರೆದಂಗೆ. ಒಂದೇ ಒಂದಕ್ಕೆ ನಡೀತೈತೆ. ಕಾಗೆ ಮುಟ್ಟಿದ್ರೆ.”

ಹೌದು. ನನಗೆ ಹೊಳೆದಿರಲಿಲ್ಲ. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಎನ್ನುತ್ತಾರೆ. ಆ ದೋಷ ಕಳೆಯಲು, ಮುಟ್ಟಿಸಿಕೊಂಡವನು ಸತ್ತನೆಂದು ಸುದ್ದಿ ಹಬ್ಬಿಸಿ, ಯಾರಾದರೂ ನಿಜವಾಗಿ ಅಳುವಂತೆ ಮಾಡುತ್ತಾರೆ. ಅತ್ತು ಮುಗಿದು, ಹೊತ್ತು ಮುಳುಗಿ, ಅವನು ತಲೆಗೆ ನೀರು ಹೊಯ್ದುಕೊಳ್ಳುವವರೆಗೆ ಊರಿಗೆ ಅವನು ಹೆಣವೇ. ಅಲ್ಲಿಯವರೆಗೆ ಬಾಯಿ ಬಿಡುವಂತಿಲ್ಲ.

“ಕಾಗೆ ಮುಟ್ಟಿತು ಅಂದ್ಕೋ,” ಎಂದೆ.

“ಅಂದ್ಕೊಳ್ಳಕ್ಕಾಗಕಿಲ್ಲ. ಮುಟ್ಟಬೇಕು.”

ಜೇಬಿಗೆ ಕೈ ಹೋಯಿತು. ದೊರೆಸಾನಿಯ ಕೇಕು ಇನ್ನೂ ಅಲ್ಲೇ ಇತ್ತು, ಜಜ್ಜಿ ಅಂಟಾಗಿತ್ತು. ಅದನ್ನು ರುಮಾಲಿನ ನೆತ್ತಿಯ ಮೇಲಿಟ್ಟುಕೊಂಡು, ಎಂಜಲ ಗುಪ್ಪೆಯ ನಡುವೆ ಹೋಗಿ ಕುಳಿತೆ. ಲಿಂಗ ಕಟ್ಟಿಕೊಂಡ ಮೈ, ಸುತ್ತ ಕೋಳಿ ಮೂಳೆ, ತಲೆಯ ಮೇಲೆ ಮೊಟ್ಟೆಯ ರೊಟ್ಟಿ. ನನ್ನ ತಾಯಿ ನೋಡಿದ್ದರೆ ಕಾಗೆಗೆ ಕಾಯದೆ ಅವರೇ ನನ್ನನ್ನು ಮುಗಿಸುತ್ತಿದ್ದರು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಆಳುಗಳು ನಿಂತುಬಿಟ್ಟರು. ಮೊದಲು ಕಾಗೆಗಳು ಹಾರಿಹೋದವು. ಆಮೇಲೆ ಒಂದು ಬಂತು, ಕತ್ತು ಓರೆ ಮಾಡಿ ನೋಡಿತು. ರೆಕ್ಕೆಯ ಗಾಳಿ ಕಿವಿಗೆ ಬಡಿಯಿತು, ಉಗುರು ರುಮಾಲನ್ನು ಒತ್ತಿತು. ಬ್ರಾಂದಿಯ ರುಚಿ ಹಿಡಿಸಿತೋ ಏನೋ, ಎರಡನೆಯ ಸಲವೂ ಬಂತು.

ನಾನು ಎದ್ದು ನಿಂತೆ. “ಆಯ್ತಾ?”

ತಮಟೆಯವನು ಆಳುಗಳ ಕಡೆ ತಿರುಗಿ, “ನೋಡಿದ್ರೇನ್ರಲಾ?” ಎಂದ. ನೋಡಿದ್ದರು. “ಕಾಗೆ ಮುಟ್ಟಿದ್ ಮುಟ್ಟಿದ್ದೇ. ಯಾಕೆ ಮುಟ್ತು ಅಂತ ಕಾಗೇನೇ ಕೇಳ್ಬೇಕು,” ಎಂದು ಕಡ್ಡಿ ಕೈಗೆ ತೆಗೆದುಕೊಂಡ. ನಾನು ಕೊನೆಯ ಮಾತು ಹೇಳಿದೆ: ಕೊರಟಗೆರೆಗೆ ಮಾತ್ರ ಯಾರೂ ಸುದ್ದಿ ಒಯ್ಯಕೂಡದು, ಅಲ್ಲಿ ನನ್ನ ತಾಯಿ ಇದ್ದಾರೆ. ಹೇಳಿ ಹುಣಸೆ ಮರದ ಬುಡದಲ್ಲಿ ತೆಂಕಲಿಗೆ ತಲೆ ಮಾಡಿ ಮಲಗಿದೆ.

ತಮಟೆ ಬಿತ್ತು. ಆ ಬಡಿತವನ್ನು ಬೇರೆಯವರಿಗೆ ಎಷ್ಟೋ ಸಲ ಕೇಳಿದ್ದೆ. ನನಗಾಗಿಯೇ ಬೀಳುವಾಗ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ. ಒಬ್ಬೊಬ್ಬರೇ ಕೋಲು ಇಳಿಸಿ, ಚಪ್ಪಲಿ ಬಿಟ್ಟು ಬಂದು ಮರದ ಸುತ್ತ ಕುಳಿತ ಸದ್ದಾಯಿತು. ಹುಲ್ಲಿನ ಹೊರೆಗಳು ಬಿದ್ದಲ್ಲೇ ಬಿದ್ದವು. ಯಜಮಾನ ಬಂದು ನನ್ನ ಕಾಲ ಬಳಿ ಕುಳಿತ. ತಿಂಡಿ ಬಿಟ್ಟು ದೊರೆ ಓಡಿ ಬಂದ.

ಯಾರು ಸತ್ತದ್ದು ಎಂದು ಕೇಳಿದ. ಬಟ್ಲರ್ ವಿಚಾರಿಸಿ, ಫಾರೆಸ್ಟರ್ ಸತ್ತುಹೋದರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಉಸಿರಾಡುತ್ತಿದ್ದಾನಲ್ಲ ಎಂದು ದೊರೆ ಕಿರುಚಿದ. ಬಟ್ಲರ್ ಅದನ್ನೂ ನಮ್ಮವರ ಮುಂದಿಟ್ಟ.

“ಆಡ್ಲಿ ಬುಡಿ, ಕಾಗೆ ಮುಟ್ಟೈತೆ,” ಎಂದ ಯಜಮಾನ. “ಹೊತ್ತು ಮುಳುಗೋಗಂಟ ಹೆಣವೇ.”

ಆಮೇಲೆ ನಡೆದದ್ದು ನನ್ನ ನೌಕರಿಯಲ್ಲೇ ಕಷ್ಟದ ಕೆಲಸ. ದೊರೆ ನನ್ನ ತಲೆಯ ಬಳಿ ನಿಂತು ಬೈಯತೊಡಗಿದ. ಸೋಮಾರಿ ಎಂದ, ಮೋಸಗಾರ ಎಂದ, ನನ್ನ ಕುಲವನ್ನೂ ಹೆತ್ತವರನ್ನೂ ಸೇರಿಸಿಕೊಂಡ. ಒಂದೊಂದು ಮಾತಿಗೂ ನನ್ನ ನಾಲಿಗೆಯ ಮೇಲೆ ಮೂರು ಮೂರು ಉತ್ತರ ಸಿದ್ಧವಿದ್ದವು. ಉಗುಳುವಂತಿಲ್ಲ, ನುಂಗುವಂತಿಲ್ಲ. ಒಂದು ಮಾತಾಡಿದರೆ ದೋಷ ಉಳಿಯಿತು, ಸಾವು ಮುರಿಯಿತು, ಯಜಮಾನ ಎದ್ದು ಗವಿಗೆ ಹೋಗಬೇಕು. ದೊರೆ ಬೂಟಿನ ತುದಿಯಿಂದ ನನ್ನ ಪಕ್ಕೆಗೆ ತಿವಿದ. ನಾನು ಹಲ್ಲು ಕಚ್ಚಿದ್ದು ಎಷ್ಟು ಬಿಗಿಯೆಂದರೆ ದವಡೆ ವಾರವೆಲ್ಲ ನೋಯುತ್ತಿತ್ತು. ತಿವಿದಾಗ ಕುಳಿತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರಂತೆ. ಬಟ್ಲರ್ ದೊರೆಯ ತೋಳು ಹಿಡಿದು ಹಿಂದಕ್ಕೆ ಎಳೆದನಂತೆ. ನನಗೆ ಕೇಳಿಸಿದ್ದು ಬಟ್ಟೆಗಳ ಸರಭರ ಮಾತ್ರ.

“ಅಳೋರು ಯಾರೂ ಇಲ್ವಲ್ಲಪ್ಪ,” ಎಂದು ಯಾರೋ ಪಿಸುಗುಟ್ಟಿದರು. ನಿಜವಾಗಿ ಅಳದಿದ್ದರೆ ದೋಷ ಕಳೆಯದು, ಬರೀ ಮಲಗಿದರೆ ಆಗುವುದಿಲ್ಲ. ಗಂಡಸರು ಕೆಮ್ಮಿದರು. ಅವರಿಗೆ ಅಳು ಬರುವ ಹಾಗಿರಲಿಲ್ಲ. ಹೇಳಬೇಕೆಂದರೆ ಒಬ್ಬಿಬ್ಬರಿಗೆ ನಗು ಬರುವಂತಿತ್ತು.

ಅಷ್ಟರಲ್ಲಿ ಊರ ಕಡೆಯ ಹಾದಿಯಲ್ಲಿ ಹೆಂಗಸಿನ ಗೋಳು ಕೇಳಿಸಿತು. ಯಜಮಾನನ ಹೆಂಡತಿ. ಗಂಡನನ್ನು ಗವಿಗೆ ಕಳಿಸುತ್ತಾರೆಂಬ ಸುದ್ದಿ ಬೆಳಗ್ಗೆಯೇ ಊರು ಮುಟ್ಟಿತ್ತು. ಕಣದಲ್ಲಿ ರಾಗಿ ತೂರುತ್ತಿದ್ದವಳಿಗೆ ಕಾಡಿನ ಕಡೆಯಿಂದ ಸಾವಿನ ತಮಟೆ ಕೇಳಿದಾಗ ಇನ್ನೇನು ಅನ್ನಿಸಬೇಕು? ಮೊರ ಎಸೆದು, ತಲೆಯಲ್ಲಿ ಹೊಟ್ಟು ಇದ್ದ ಹಾಗೆಯೇ ಓಡಿ ಬಂದಿದ್ದಳು. ಬಂದು ನೋಡಿದರೆ ಗಂಡ ಕುಳಿತಿದ್ದಾನೆ, ಮಲಗಿರುವವನು ಫಾರೆಸ್ಟರ್.

ಯಜಮಾನ ಅವಳಿಗೆ ಏನೋ ಮೆಲ್ಲಗೆ ಹೇಳಿದ. ಆಮೇಲೆ ಅವಳು ನನ್ನ ಪಕ್ಕ ಧೊಪ್ಪನೆ ಕುಳಿತಳು.

“ಅಯ್ಯೋ ನನ್ನಪ್ಪಾ, ಯಾರೋ ಮಾಡಿದ್ದಕ್ಕೆ ನೀನ್ ಹೋದ್ಯಲ್ಲೋ! ಉಣ್ಣದೆ ಎದ್ದೋದ್ಯಲ್ಲೋ! ಮುದ್ದೆ ಮಾಡಿಟ್ಟಿದ್ನಲ್ಲೋ, ಯಾರಿಗಿಕ್ಕಲೋ ನಾನು! ಮುಖ ಅರ್ಧ ಕೊಟ್ಟಿದ್ದು ಸಾಲ್ದೇ ಹೋಯ್ತಾ ಅವ್ರಿಗೆ!”

ನನ್ನ ಮುಖ ಪೂರ್ತಿಯೇ ಇತ್ತು. ಅವಳು ಯಾರಿಗೆ ಅಳುತ್ತಿದ್ದಳೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಹಾದಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದದ್ದನ್ನೆಲ್ಲ ನನ್ನ ಎದೆಯ ಮೇಲೆ ಸುರಿದಳು. ಅವಳ ಕೈ ನನ್ನ ಕೋಟನ್ನು ಹಿಡಿದು ಜಗ್ಗುತ್ತಿತ್ತು, ಕಣ್ಣೀರು ಕತ್ತಿಗೆ ಬೀಳುತ್ತಿತ್ತು. ಆಗ ಗಂಡಸರೂ ಅತ್ತರು. ಕಣ್ಣು ಮುಚ್ಚಿಕೊಂಡೇ ನಾನೂ ಅತ್ತೆ. ಹೆಣ ಅಳಬಾರದೆಂದು ಯಾರೂ ಹೇಳಿರಲಿಲ್ಲ.

ದೊರೆಸಾನಿ ಬಂದು ನೋಡಿ ಗಂಡನಿಗೆ ಏನೋ ಹೇಳಿದಳು. ಅವರ ಮಾತು ಏರಿತು, ಇಳಿಯಿತು. ಬಿಸಿಲು ಪಡುವಲಿಗೆ ಹೊರಳುವ ಹೊತ್ತಿಗೆ ಡೇರೆಯ ಗೂಟ ಕೀಳುವ ಸದ್ದು, ಆಮೇಲೆ ಮೋಟಾರಿನ ಸದ್ದು. ಗೂಟ ಕಿತ್ತದ್ದೂ ಸಾಮಾನು ಹೊತ್ತದ್ದೂ ಬಟ್ಲರ್ ಮತ್ತು ದೊರೆಯ ಸ್ನೇಹಿತರು, ಏಕೆಂದರೆ ನಮ್ಮವರು ಸಾವಿನಲ್ಲಿದ್ದರು. ಆ ಗ್ರಾಮಫೋನನ್ನು ಅವತ್ತು ಅದನ್ನು ತಂದಿದ್ದ ಸ್ನೇಹಿತನೇ ಹೊತ್ತನೆಂದು ಆಮೇಲೆ ಕೇಳಿ ನನಗೆ ಬಹಳ ಸಂತೋಷವಾಯಿತು. ಹೊತ್ತು ಮುಳುಗಿದ ಮೇಲೆ ಬಾವಿಯ ಬಳಿ ತಲೆಗೆ ನೀರು ಹೊಯ್ಯಿಸಿಕೊಂಡು ನಾನು ಬದುಕಿದೆ.

ರೇಂಜರ್ ಸಾಹೇಬರು ರಜೆ ಮುಗಿಸಿ ಬಂದು ನನ್ನನ್ನು ನಿಲ್ಲಿಸಿ ಕೇಳಿದರು: ಕೆಲಸದ ವೇಳೆಯಲ್ಲಿ ಸತ್ತದ್ದು ಏಕೆ? ಕಾಗೆ ಮುಟ್ಟಿತು ಎಂದೆ. ಅವರೂ ನಮ್ಮ ಸೀಮೆಯವರೇ, ಸಿರಾ ಕಡೆಯವರು. ಸ್ವಲ್ಪ ಹೊತ್ತು ಮೀಸೆ ತಿರುವಿ, “ನಿಜವಾಗಿ ಮುಟ್ಟಿತೇನ್ರೀ?” ಎಂದರು. ಎರಡು ಸಲ, ನೋಡಿದವರಿದ್ದಾರೆ ಎಂದೆ. “ಹಾಗಾದ್ರೆ ಬೇರೆ ದಾರಿಯಿಲ್ಲ ಬಿಡಿ,” ಎಂದರು. ಆದರೂ ಮೇಲಿನಿಂದ ಬಂದದ್ದನ್ನು ಅವರು ತಡೆಯಲಾರರು. ನನ್ನನ್ನು ಪಾವಗಡಕ್ಕೆ ಎತ್ತಿ ಹಾಕಿದರು.

ಹೊರಡುವ ಮುಂಚೆ ಯಜಮಾನನೊಡನೆ ಗವಿಯ ಹತ್ತಿರ ಹೋಗಿದ್ದೆ. ವಾಸನೆ ದೂರಕ್ಕೇ ಬಂತು. ತಾಯಿ ಬಾಗಿಲ ಕಡೆ ಮುಖ ಮಾಡಿ ಸತ್ತಿತ್ತು, ಮರಿಗಳು ಅದರ ಹೊಟ್ಟೆಗೆ ಅಂಟಿಕೊಂಡೇ ಸತ್ತಿದ್ದವು. ನಾವು ಗವಿಯ ಬಾಯಿಗೆ ಕಲ್ಲು ಪೇರಿಸಿ ಮುಚ್ಚಿದೆವು. ಅದೇ ವಾರ ಬೆಂಗಳೂರಿನಿಂದ ದೊರೆಯ ಆಳೊಬ್ಬ ಚರ್ಮ ಕೇಳಿಕೊಂಡು ಬಂದ. ಆ ಹೊತ್ತಿಗೆ ನನಗೆ ಬಾಯಿ ಇತ್ತು. ಅವನು ದೊರೆಗೆ ಏನೆಂದು ಹೋಗಿ ಹೇಳಿದನೋ ತಿಳಿಯದು, ನಾನು ಅಂದದ್ದನ್ನೆಲ್ಲ ಹೇಳಿರಲಾರ.

ಪಾವಗಡದಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಬಿಸಿಲು. ಅಲ್ಲಿ ಕೆಲವು ವರ್ಷ ಕಳೆದಿದ್ದವು. ಒಂದು ಮಧ್ಯಾಹ್ನ ಮನೆ ಬಾಗಿಲಲ್ಲಿ ತಮಟೆಯವನು ನಿಂತಿದ್ದ. ಕೈಯಲ್ಲಿ ತಮಟೆಯಿಲ್ಲ, ಹೆಗಲ ಮೇಲೆ ವಸ್ತ್ರ, ಕಾಲಿಗೆ ಮೊಳಕಾಲವರೆಗೆ ಧೂಳು. ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿ ಒಯ್ಯುವವರು ತಮಟೆಯವರೇ, ಅದನ್ನು ಒಯ್ಯುವುದು ನೆಂಟರ ಮನೆಗಳಿಗೆ ಮಾತ್ರ.

“ಯಜಮಾನ್ರು ಹೋಗ್ಬುಟ್ರು ಬುದ್ಧಿ,” ಎಂದ.

ನಾನು ಮೊದಲು ಕೇಳಿದ್ದು ಒಂದೇ ಮಾತು. “ಕಾಗೆ ಮುಟ್ಟಿತ್ತೇನೋ?”

ಅವನು ತಲೆ ಅಲ್ಲಾಡಿಸಿದ. “ಇಲ್ಲ ಬುದ್ಧಿ. ವಯಸ್ಸಾಗಿತ್ತು. ಕಣದಾಗೆ ಬಿಸಿಲು ಕಾಯಿಸ್ಕಂಡು ಕುಂತಿದ್ರು, ಅಂಗೇ ಮೆದೆಗೆ ಒರಗಿದ್ರು. ಅವ್ರ ಮನೆ ಆಯಮ್ಮ ಹೇಳಿ ಕಳಿಸವ್ಳೆ. ಫಾರೆಸ್ಟರಿಗೆ ಅತ್ತಿರೋಳು ನಾನು, ಅವ್ರಿಗೂ ಸೂತಕ ಐತೆ, ನೀರು ಹಾಕ್ಕಳಕ್ಕೆ ಹೇಳು ಅಂದ್ಲು.”

ನಾವು ಲಿಂಗವಂತರು ಸೂತಕ ಹಿಡಿಯುವುದಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ. ಅವನನ್ನು ಜಗಲಿಯ ಮೇಲೆ ಕೂರಿಸಿ, ಉಣ್ಣಲು ಇಡಲು ಮನೆಯವಳಿಗೆ ಹೇಳಿ, ಬಾವಿಗೆ ಹೋಗಿ ಎರಡು ಕೊಡ ನೀರು ಸೇದಿ ತಲೆಯ ಮೇಲೆ ಹೊಯ್ದುಕೊಂಡೆ.